ಲೈಡಾರ್ ದತ್ತಾಂಶದಿಂದ ಗಾಲ್ಫ್ ಕೋರ್ಸ್ ಕಟ್ಟುವಾಗ ನೆಲ ಮೆಟ್ಟಿಲುಮೆಟ್ಟಿಲಾಗುತ್ತಿದೆ, ಹೋಲ್‌ಗಳ ಉದ್ದವೂ ಹೆಚ್ಚಾಗುತ್ತಿದೆ: ಎಲ್ಲಿಂದ ಸರಿಪಡಿಸಬೇಕು?

ಪ್ರಶ್ನೆ: ಮೊದಲಹೊಡೆತ

ಎಲ್ಲರಿಗೂ ನಮಸ್ಕಾರ. ಸಿಮ್ಯುಲೇಟರ್‌ನಲ್ಲಿ ಆಡುವುದಕ್ಕಾಗಿ, ನಿಜವಾಗಿಯೂ ಇರುವ 18 ಹೋಲ್‌ಗಳ ಒಂದು ಗಾಲ್ಫ್ ಕೋರ್ಸನ್ನು ಕಂಪ್ಯೂಟರಿನಲ್ಲಿ ಕಟ್ಟುವ ಕೆಲಸಕ್ಕೆ ಕೈಹಾಕಿದ್ದೇನೆ. ಆಟ ನನಗೆ ಚೆನ್ನಾಗಿ ಗೊತ್ತು. ಆದರೆ ಭೂನಕ್ಷೆಯ ತಂತ್ರಾಂಶಗಳೂ ಮೂರು ಆಯಾಮದ ಚಿತ್ರಣವೂ ನನಗೆ ಹೊಸತು. ಈ ಕೆಲಸಕ್ಕೆ ಸಾಮಾನ್ಯವಾಗಿ ಹಿಡಿಯುವ ದಾರಿಯನ್ನೇ ನಾನೂ ಹಿಡಿದಿದ್ದೇನೆ. ಸಾರ್ವಜನಿಕವಾಗಿ ಸಿಗುವ ಲೈಡಾರ್ ದತ್ತಾಂಶದಿಂದ, ಅಂದರೆ ವಿಮಾನದಿಂದ ಲೇಸರ್ ಹಾಯಿಸಿ ಅಳೆದ ಎತ್ತರಗಳಿಂದ, ಭೂನಕ್ಷೆಯ ತಂತ್ರಾಂಶವಾದ ಕ್ಯೂಜಿಐಎಸ್‌ನಲ್ಲಿ ನೆಲದ ಹೈಟ್‌ಮ್ಯಾಪ್ (ಎತ್ತರಗಳನ್ನು ಬೂದುಬಣ್ಣದ ಛಾಯೆಗಳಾಗಿ ಹಿಡಿದಿಡುವ ಚಿತ್ರ) ತಯಾರಿಸಿಕೊಂಡೆ. ಉಪಗ್ರಹ ಚಿತ್ರವನ್ನು ಗೆರೆಚಿತ್ರ ಬರೆಯುವ ಇಂಕ್‌ಸ್ಕೇಪ್‌ನಲ್ಲಿ ಹಾಕಿಕೊಂಡು ಅದರ ಮೇಲೆ ಗ್ರೀನ್ (ಕಪ್ ಇರುವ ನುಣುಪು ಹುಲ್ಲಿನ ಜಾಗ), ಫೇರ್‌ವೇ (ಅಲ್ಲಿಗೆ ಸಾಗುವ ಹುಲ್ಲಿನ ಹಾದಿ), ಬಂಕರ್ (ಮರಳಿನ ಗುಂಡಿ) ಇವುಗಳ ಅಂಚನ್ನು ಗೆರೆಯಾಗಿ ಬರೆದೆ. ಆ ಗೆರೆಗಳನ್ನು ಮೂರು ಆಯಾಮದ ಚಿತ್ರಣದ ತಂತ್ರಾಂಶವಾದ ಬ್ಲೆಂಡರ್‌ನಲ್ಲಿ ಮೆಶ್‌ಗಳನ್ನಾಗಿ (ತ್ರಿಕೋನಗಳಿಂದ ಹೆಣೆದ ಮೇಲ್ಮೈಗಳನ್ನಾಗಿ) ಮಾಡಿ, ಕೊನೆಗೆ ಎಲ್ಲವನ್ನೂ ಆಟ ಕಟ್ಟುವ ತಂತ್ರಾಂಶವಾದ ಯೂನಿಟಿಯಲ್ಲಿ ಸೇರಿಸಿದೆ. ಸೇರಿಸಿದ ಮೇಲೆ ಒಂದರ ಹಿಂದೆ ಒಂದು ತೊಂದರೆ ಕಾಣಿಸಿಕೊಳ್ಳುತ್ತಿದೆ.

ಮೊದಲನೆಯದು, ನೆಲ ನುಣುಪಾಗಿಲ್ಲ. ಗುಡ್ಡದ ಇಳಿಜಾರಿನಲ್ಲಿ ಗದ್ದೆಯ ಮಡಿಗಳನ್ನು ಕಡಿದಂತೆ ಇಡೀ ಕೋರ್ಸ್ ಮೆಟ್ಟಿಲುಮೆಟ್ಟಿಲಾಗಿ ಕಾಣುತ್ತದೆ. ಒಂದೊಂದು ಮೆಟ್ಟಿಲಿನ ಎತ್ತರ ಒಂದು ಗೇಣಿಗೆ ತುಸು ಕಡಿಮೆ ಇದೆ, ಎಲ್ಲ ಕಡೆಯೂ ಅಷ್ಟೇ ಇದೆ. ಗ್ರೀನ್‌ಗಳ ಮೇಲಂತೂ ಅರ್ಧ ಭಾಗ ಸಪಾಟು, ನಡುವೆ ಒಂದು ಏಣು, ಉಳಿದರ್ಧ ಮತ್ತೆ ಸಪಾಟು. ಕೋರ್ಸಿನ ಅತಿ ತಗ್ಗಿನ ಜಾಗ ಸಮುದ್ರಮಟ್ಟದಿಂದ 164 ಮೀಟರ್ ಎತ್ತರದಲ್ಲಿಯೂ ಅತಿ ಎತ್ತರದ ಜಾಗ 212 ಮೀಟರ್ ಎತ್ತರದಲ್ಲಿಯೂ ಇದೆ.

ಎರಡನೆಯದು, ಹೋಲ್‌ಗಳ ಉದ್ದ. ಸ್ಕೋರ್‌ಕಾರ್ಡಿನಲ್ಲಿ 380 ಗಜವೆಂದಿರುವ ಮೊದಲ ಹೋಲ್ ಯೂನಿಟಿಯಲ್ಲಿ ಅಳೆದರೆ 496 ಗಜ ಬರುತ್ತದೆ. 165 ಗಜದ ಪಾರ್ 3 ಹೋಲ್ 215 ಗಜ ಬರುತ್ತದೆ. ಈ ಕೋರ್ಸ್ ಉತ್ತರ ಅಕ್ಷಾಂಶ 40 ಡಿಗ್ರಿಯ ಆಸುಪಾಸಿನಲ್ಲಿದೆ ಎಂಬುದನ್ನು, ಅದು ಮುಖ್ಯವಾದೀತೆಂದು, ಇಲ್ಲಿ ಹೇಳುತ್ತಿದ್ದೇನೆ. ಇವಲ್ಲದೆ, ಮರಗಳು ದಟ್ಟವಾಗಿರುವ ಕಡೆ ನೆಲವೇ ದಿಬ್ಬದಂತೆ ಉಬ್ಬಿದೆ. ಹತ್ತಿರ ನಿಂತು ನೋಡಿದರೆ ಸರಿಯಾಗಿರುವ ಗ್ರೀನ್, ಟೀಯಿಂದ (ಮೊದಲ ಹೊಡೆತದ ಜಾಗದಿಂದ) ನೋಡಿದಾಗ ಮಿನುಗುತ್ತದೆ ಮತ್ತು ಅಲ್ಲಲ್ಲಿ ನೆಲ ಅದನ್ನು ಸೀಳಿಕೊಂಡು ಮೇಲೆ ಬಂದಂತೆ ತೋರುತ್ತದೆ. ಬ್ಲೆಂಡರ್‌ನಲ್ಲಿ ಇರುವ ಕೆಲವು ಬಂಕರ್‌ಗಳು ಯೂನಿಟಿಯಲ್ಲಿ ಕಾಣುವುದೇ ಇಲ್ಲ.

ದತ್ತಾಂಶವೇ ಸಾಲದೆ? ಅಥವಾ ನಡುವಿನ ಯಾವುದಾದರೂ ಹಂತದಲ್ಲಿ ಕೆಡುತ್ತಿದೆಯೆ? 18 ಹೋಲ್‌ಗಳ ಅಂಚುಗಳನ್ನೂ ಈಗಾಗಲೇ ಬರೆದಾಗಿರುವುದರಿಂದ, ಮತ್ತೆ ಮೊದಲಿನಿಂದ ಆರಂಭಿಸುವ ಮುನ್ನ ಬಲ್ಲವರ ಸಲಹೆ ಕೇಳಬೇಕೆನಿಸಿತು.

ಉತ್ತರ: ಮಟ್ಟಗೋಲು

ಮೊದಲಹೊಡೆತ ಅವರೇ, ನೀವು ಅಳತೆಗಳನ್ನು ಕೊಟ್ಟಿರುವುದರಿಂದ ಉತ್ತರ ಹೇಳುವುದು ಸುಲಭವಾಗಿದೆ. ದತ್ತಾಂಶ ಚೆನ್ನಾಗಿಯೇ ಇದೆ. ಕ್ಯೂಜಿಐಎಸ್‌ನಿಂದ ಹೊರಬರುವ ಬಾಗಿಲಲ್ಲೇ ಎರಡೂ ದೊಡ್ಡ ತೊಂದರೆಗಳು ಹುಟ್ಟಿವೆ. ಗ್ರೀನ್ ಮಿನುಗುವ ವಿಷಯವನ್ನು ಬೇರೆಯವರಿಗೆ ಬಿಟ್ಟು ನಾನು ನೆಲದ ವಿಷಯವನ್ನಷ್ಟೇ ಬರೆಯುತ್ತೇನೆ, ಏಕೆಂದರೆ ನೆಲ ಸರಿಯಾಗದೆ ಅದರ ಮೇಲೆ ಕೂರುವ ಯಾವುದೂ ಸರಿಯಾಗುವುದಿಲ್ಲ.

ಮೆಟ್ಟಿಲುಗಳಿಗೆ ಕಾರಣ 8 ಬಿಟ್ ಕಡತ. 8 ಬಿಟ್‌ನಲ್ಲಿ ಹೇಳಬಹುದಾದ ಎತ್ತರಗಳು ಒಟ್ಟು 256 ಮಾತ್ರ. ನಿಮ್ಮ ಕೋರ್ಸಿನ ಏರಿಳಿತ 48 ಮೀಟರ್. ಅದನ್ನು 255 ಭಾಗ ಮಾಡಿದರೆ ಒಂದೊಂದು ಭಾಗ ಸುಮಾರು 19 ಸೆಂಟಿಮೀಟರ್ ಆಗುತ್ತದೆ. ನೀವು ಹೇಳಿದ ಗೇಣಿಗೆ ತುಸು ಕಡಿಮೆ ಎಂಬ ಅಳತೆ ಇದೇ. ಗ್ರೀನ್‌ನ ಗತಿಯನ್ನೂ ಇದರಿಂದಲೇ ತಿಳಿಯಬಹುದು: ನೂರಕ್ಕೆ ಎರಡರಂತೆ ಇಳಿಯುವ ಗ್ರೀನ್ 10 ಮೀಟರ್ ದೂರದಲ್ಲಿ ಇಳಿಯುವುದು 20 ಸೆಂಟಿಮೀಟರ್, ಅಂದರೆ ಸರಿಸುಮಾರು ಒಂದೇ ಒಂದು ಮೆಟ್ಟಿಲು, ಹಾಗಾಗಿ ಎರಡು ಸಪಾಟುಗಳ ನಡುವೆ ಒಂದು ಏಣು. ಅದೇ 48 ಮೀಟರನ್ನು 16 ಬಿಟ್‌ನಲ್ಲಿ ಬರೆದರೆ 65,536 ಮಟ್ಟಗಳು ಸಿಗುತ್ತವೆ, ಮೆಟ್ಟಿಲು ಒಂದು ಮಿಲಿಮೀಟರಿಗಿಂತ ಕಡಿಮೆಯಾಗುತ್ತದೆ, ಕಣ್ಣಿಗಾಗಲಿ ಚೆಂಡಿಗಾಗಲಿ ಅದು ತಿಳಿಯುವುದಿಲ್ಲ.

ಕಡತ 8 ಬಿಟ್ ಆದದ್ದು ಹೇಗೆಂದರೆ, ಕ್ಯೂಜಿಐಎಸ್‌ನಲ್ಲಿ ರಾಸ್ಟರ್ ಪದರವನ್ನು (ಚೌಕಚೌಕಕ್ಕೆ ಒಂದೊಂದು ಅಂಕಿ ಇರುವ ಪದರವನ್ನು) ಉಳಿಸುವಾಗ ತೆರೆಯುವ ಕಿಟಕಿಯ ತುದಿಯಲ್ಲಿಯೇ ‘ರಾ ಡೇಟಾ’ ಮತ್ತು ‘ರೆಂಡರ್ಡ್ ಇಮೇಜ್’ ಎಂಬ ಎರಡು ಆಯ್ಕೆಗಳಿರುತ್ತವೆ. ಎರಡನೆಯದನ್ನು ಆರಿಸಿದರೆ ಎತ್ತರದ ಅಂಕಿಗಳ ಬದಲು ತೆರೆಯ ಮೇಲೆ ಕಾಣುವ ಬೂದುಬಣ್ಣದ ಚಿತ್ರ ಉಳಿಯುತ್ತದೆ, ಮತ್ತು ಆ ಚಿತ್ರ 8 ಬಿಟ್‌ನದು. ಉಳಿಸಿದ ಕಡತವನ್ನು ಮತ್ತೆ ತೆರೆದು ಅದರ ಪ್ರಾಪರ್ಟೀಸ್‌ನಲ್ಲಿ ಇನ್ಫರ್ಮೇಶನ್ ಪುಟವನ್ನು ನೋಡಿ. ದತ್ತಾಂಶದ ಬಗೆ ‘ಬೈಟ್’ ಎಂದಿದ್ದರೆ ಅದನ್ನು ಎಸೆದುಬಿಡಿ. ಒಮ್ಮೆ 8 ಬಿಟ್ ಆದ ಕಡತವನ್ನು 16 ಬಿಟ್‌ಗೆ ಬದಲಾಯಿಸಿದರೂ ಕಳೆದುಹೋದ ಎತ್ತರಗಳು ಹಿಂದಿರುಗುವುದಿಲ್ಲ. ಮೂಲ ಜಿಯೋಟಿಫ್‌ನಿಂದಲೇ (ಸ್ಥಾನದ ವಿವರವೂ ಇರುವ ಎತ್ತರದ ಕಡತದಿಂದಲೇ) ಟ್ರಾನ್ಸ್‌ಲೇಟ್ ಉಪಕರಣದ ಮೂಲಕ, 164 ಅನ್ನು 0 ಗೂ 212 ಅನ್ನು 65,535 ಗೂ ಹೊಂದಿಸಿ, ಚಿಹ್ನೆಯಿಲ್ಲದ 16 ಬಿಟ್ ಕಡತವಾಗಿ ಹೊರತೆಗೆಯಬೇಕು. ಔಟ್‌ಪುಟ್ ಬಗೆಯಾಗಿ ಎನ್‌ವಿ (ENVI) ಎಂಬುದನ್ನು ಆರಿಸಿದರೆ ತಲೆಬರಹವಿಲ್ಲದ ಬರಿಯ ಅಂಕಿಗಳ ಕಡತ ಸಿಗುತ್ತದೆ; ಯೂನಿಟಿ ಕೇಳುವ ರಾ ಕಡತ ಅದೇ.

ಇನ್ನು ಉದ್ದದ ಲೆಕ್ಕ. 496 ಅನ್ನು 380 ರಿಂದ ಭಾಗಿಸಿದರೆ 1.305 ಬರುತ್ತದೆ, 215 ಅನ್ನು 165 ರಿಂದ ಭಾಗಿಸಿದರೂ ಹೆಚ್ಚುಕಡಿಮೆ ಅಷ್ಟೇ. ಎಲ್ಲ ಹೋಲ್‌ಗಳೂ ಒಂದೇ ಪ್ರಮಾಣದಲ್ಲಿ ಹಿಗ್ಗಿವೆಯೆಂದರೆ ಇದು ಪ್ರಕ್ಷೇಪದ, ಅಂದರೆ ದುಂಡಗಿನ ಭೂಮಿಯನ್ನು ಸಪಾಟಾದ ಭೂಪಟಕ್ಕೆ ಇಳಿಸುವ ಕ್ರಮದ, ಸಮಸ್ಯೆ. ಜಾಲತಾಣಗಳ ಭೂಪಟಗಳು ಮತ್ತು ಉಪಗ್ರಹ ಚಿತ್ರಗಳು ವೆಬ್ ಮರ್ಕೇಟರ್ ಎಂಬ ಪ್ರಕ್ಷೇಪದಲ್ಲಿ, ಅಂದರೆ ಇಪಿಎಸ್‌ಜಿ 3857 ರಲ್ಲಿ, ಬರುತ್ತವೆ. ಅದರ ಏಕಮಾನಕ್ಕೆ ಮೀಟರ್ ಎಂದೇ ಹೆಸರಿದ್ದರೂ ಆ ಮೀಟರ್ ಭೂಮಧ್ಯರೇಖೆಯ ಮೇಲೆ ಮಾತ್ರ ನಿಜವಾದದ್ದು. ಅಲ್ಲಿಂದ ಧ್ರುವದ ಕಡೆಗೆ ಹೋದಂತೆಲ್ಲ ದೂರಗಳು ಹಿಗ್ಗುತ್ತವೆ: 40 ಡಿಗ್ರಿಯಲ್ಲಿ 1.305 ಪಟ್ಟು, 60 ಡಿಗ್ರಿಯಲ್ಲಿ ಸರಿಯಾಗಿ ಎರಡು ಪಟ್ಟು. ಕ್ಯೂಜಿಐಎಸ್‌ನ ಹೊಸ ಯೋಜನೆಗೆ ಮೊದಲು ಯಾವ ಪದರವನ್ನು ಸೇರಿಸುತ್ತೀರೋ ಅದರ ಪ್ರಕ್ಷೇಪವೇ ಯೋಜನೆಗೂ ಬರುವುದು ರೂಢಿ. ಉಪಗ್ರಹ ಚಿತ್ರ ಮೊದಲು ಸೇರಿದ್ದರೆ ಮುಂದಿನ ಕೆಲಸವೆಲ್ಲ ಅದರಲ್ಲೇ ನಡೆದಿರುತ್ತದೆ.

ಉದ್ದ ಹೆಚ್ಚಾದದ್ದು ಬೇಗ ಕಣ್ಣಿಗೆ ಬೀಳುತ್ತದೆ. ಆದರೆ ಅದರ ಜೊತೆಗೆ ಇಳಿಜಾರು ಸುಳ್ಳಾಗುವುದು ಅಷ್ಟು ಸುಲಭವಾಗಿ ಗೊತ್ತಾಗುವುದಿಲ್ಲ. ಅಡ್ಡಡ್ಡ ಹಿಗ್ಗಿದ ನೆಲದ ಎತ್ತರ ಮಾತ್ರ ಹಿಗ್ಗಿಲ್ಲವಾದ್ದರಿಂದ, ನಿಜದಲ್ಲಿ ನೂರಕ್ಕೆ ಮೂರರಷ್ಟಿರುವ ಇಳಿಜಾರು ನಿಮ್ಮ ಕೋರ್ಸಿನಲ್ಲಿ ನೂರಕ್ಕೆ 2.3 ರಷ್ಟಾಗಿದೆ. ಆದ್ದರಿಂದ ಯೂನಿಟಿಯಲ್ಲಿ ಎಲ್ಲವನ್ನೂ ಕುಗ್ಗಿಸಿ ಉದ್ದವನ್ನು ಸರಿಪಡಿಸುವ ಅಡ್ಡದಾರಿಯನ್ನು ಹಿಡಿಯಬೇಡಿ. ದತ್ತಾಂಶವನ್ನು ಆ ಜಾಗಕ್ಕೆ ಸೇರಿದ ಯುಟಿಎಂ ವಲಯಕ್ಕೆ ವಾರ್ಪ್ ಉಪಕರಣದಿಂದ ಬದಲಾಯಿಸಿ; ಯುಟಿಎಂ ಎಂಬುದು ಭೂಮಿಯನ್ನು ವಲಯಗಳಾಗಿ ಹಂಚಿ ದೂರಗಳನ್ನು ಬಹುಮಟ್ಟಿಗೆ ನಿಜವಾಗಿ ಇಡುವ ಪ್ರಕ್ಷೇಪ. ಪದರದ ಮೇಲೆ ಬಲಗುಂಡಿ ಒತ್ತಿ ಪ್ರಕ್ಷೇಪದ ಹೆಸರನ್ನು ಬದಲಾಯಿಸಿದರೆ ಹಣೆಪಟ್ಟಿಯಷ್ಟೇ ಬದಲಾಗುತ್ತದೆ, ಅಂಕಿಗಳು ಹಾಗೆಯೇ ಉಳಿಯುತ್ತವೆ. ಅಂಕಿಗಳನ್ನು ಬದಲಾಯಿಸುವುದು ವಾರ್ಪ್ ಮಾತ್ರ. ಅದರಲ್ಲಿ ರೀಸ್ಯಾಂಪ್ಲಿಂಗ್ ಬೈಲಿನಿಯರ್ ಅಥವಾ ಕ್ಯೂಬಿಕ್ ಆಗಿರಲಿ. ನಿಯರೆಸ್ಟ್ ನೇಬರ್ ಆರಿಸಿದರೆ ನೆಲದ ಮೇಲೆ ಗೆರೆಗೆರೆಯಾದ ಸುಕ್ಕು ಮೂಡುತ್ತದೆ. ಯುಟಿಎಂನಲ್ಲಿಯೂ ವಲಯದ ನಡುರೇಖೆಯ ಮೇಲೆ ಪ್ರಮಾಣ 0.9996 ಇರುತ್ತದೆ, ಆದರೆ 400 ಮೀಟರಿನಲ್ಲಿ 16 ಸೆಂಟಿಮೀಟರಿನ ಈ ಕೊರತೆಯನ್ನು ಯಾವ ಆಟಗಾರನೂ ಗುರುತಿಸಲಾರ.

ಮರಗಳ ದಿಬ್ಬಕ್ಕೆ ಕಾರಣ, ಲೇಸರ್ ಎಲೆಗಳಿಗೆ ತಗುಲಿ ಹಿಂದಿರುಗಿದ ಬಿಂದುಗಳೂ ನಿಮ್ಮ ನೆಲದಲ್ಲಿ ಸೇರಿರುವುದು. ಬಿಂದುಗಳ ಕಡತವನ್ನೇ ಬಳಸುತ್ತಿದ್ದರೆ ವರ್ಗ 2 ಎಂದು ಗುರುತಿಸಿರುವವನ್ನು ಮಾತ್ರ ಉಳಿಸಿಕೊಳ್ಳಿ, ಅವೇ ನೆಲದ ಬಿಂದುಗಳು. ಸಿದ್ಧ ರಾಸ್ಟರ್ ಬಳಸುತ್ತಿದ್ದರೆ ಡಿಎಸ್‌ಎಂ (ಮರ, ಕಟ್ಟಡಗಳೂ ಸೇರಿದ ಎತ್ತರ) ಬಿಟ್ಟು ಡಿಟಿಎಂ (ಬರಿಯ ನೆಲದ ಎತ್ತರ) ತೆಗೆದುಕೊಳ್ಳಿ.

ಕೊನೆಯದಾಗಿ ಯೂನಿಟಿಗೆ ತರುವಾಗ. ನೆಲದ ತುಂಡು ಚೌಕವಾಗಿರಲಿ, 2,048 ಮೀಟರ್ ಬದಿಯ ಚೌಕಕ್ಕೆ 2,049 ಬಿಂದುಗಳಿರಲಿ; ಎತ್ತರವನ್ನು ಹೇಳುವುದು ಮೂಲೆಗಳಲ್ಲಾದ್ದರಿಂದ ಯಾವಾಗಲೂ ಒಂದು ಹೆಚ್ಚು ಬೇಕು. ಎತ್ತರದ ಮನೆಯಲ್ಲಿ ಯೂನಿಟಿ ತಾನಾಗಿಯೇ 600 ಎಂದು ತೋರಿಸುತ್ತದೆ. ಅದನ್ನು ಅಳಿಸಿ 48 ಎಂದು ಬರೆಯದಿದ್ದರೆ ನಿಮ್ಮ ಕೋರ್ಸ್ ಪರ್ವತಶ್ರೇಣಿಯಾಗುತ್ತದೆ. ಲಂಬವಾಗಿ ತಿರುಗಿಸುವ ಗುರುತನ್ನೂ ಗಮನಿಸಿ. ಚಿತ್ರದ ಸಾಲುಗಳು ಮೇಲಿನಿಂದ ಕೆಳಕ್ಕೂ ಯೂನಿಟಿಯ ಸಾಲುಗಳು ಕೆಳಗಿನಿಂದ ಮೇಲಕ್ಕೂ ಇರುವುದರಿಂದ, ಅದು ತಪ್ಪಿದರೆ ಉತ್ತರ ದಕ್ಷಿಣವಾಗಿ ಬಲಕ್ಕೆ ತಿರುಗಬೇಕಾದ ಡಾಗ್‌ಲೆಗ್ (ನಡುವೆ ಬಾಗುವ ಹೋಲ್) ಎಡಕ್ಕೆ ತಿರುಗುತ್ತದೆ. ಕೆಲವು ದತ್ತಾಂಶಗಳಲ್ಲಿ ಎತ್ತರ ಅಡಿಗಳಲ್ಲಿ ಇರುತ್ತದೆ; ಹಾಗಿದ್ದರೆ ಮೊದಲು 0.3048 ರಿಂದ ಗುಣಿಸಿಕೊಳ್ಳಬೇಕು.

ಉತ್ತರ: ಗೆರೆಬರಹ

ಮಟ್ಟಗೋಲು ಅವರು ನೆಲದ ಬಗ್ಗೆ ಹೇಳಿದ್ದಕ್ಕೆ ಸೇರಿಸುವುದೇನೂ ಇಲ್ಲ. ಮೆಶ್‌ಗಳ ವಿಷಯವನ್ನು ನಾನು ಬರೆಯುತ್ತೇನೆ.

ದೂರದಿಂದ ನೋಡಿದಾಗ ನೆಲವು ಗ್ರೀನನ್ನು ಸೀಳಿಕೊಂಡು ಬರುವುದಕ್ಕೆ ಕಾರಣ, ಯೂನಿಟಿ ದೂರದ ನೆಲವನ್ನು ಕಡಿಮೆ ತ್ರಿಕೋನಗಳಲ್ಲಿ ಚಿತ್ರಿಸುವುದು. ಹತ್ತಿರದಲ್ಲಿ ಮೀಟರಿಗೊಂದರಂತೆ ಇದ್ದ ಬಿಂದುಗಳು ದೂರದಲ್ಲಿ ಎಂಟು ಹತ್ತು ಮೀಟರಿಗೊಂದಾಗುತ್ತವೆ. ನಡುವಿನ ತಗ್ಗುಗಳು ತುಂಬಿಕೊಳ್ಳುತ್ತವೆ. ಗ್ರೀನ್‌ನ ಮೆಶ್ ಮಾತ್ರ ತನ್ನ ನಿಜವಾದ ಆಕಾರದಲ್ಲೇ ಉಳಿಯುವುದರಿಂದ ತುಂಬಿಕೊಂಡ ನೆಲ ಅದರ ಮೇಲೆ ಕಾಣುತ್ತದೆ. ಟೆರೇನ್‌ನ ಸೆಟ್ಟಿಂಗ್‌ಗಳಲ್ಲಿ ಪಿಕ್ಸೆಲ್ ಎರರ್ ಎಂಬುದು 5 ರಲ್ಲಿರುತ್ತದೆ. ಅದನ್ನು 1 ಕ್ಕೆ ಇಳಿಸಿದರೆ ಬಹುಪಾಲು ಸರಿಹೋಗುತ್ತದೆ, ಆದರೆ ಯಂತ್ರಕ್ಕೆ ಹೊರೆ ಹೆಚ್ಚುತ್ತದೆ. ನಾನು ಒಪ್ಪುವ ಪರಿಹಾರ ಬೇರೆ: ಮೆಶ್‌ಗಳೆಲ್ಲ ನೆಲದ ಮೇಲೆ ಸರಿಯಾಗಿ ಕುಳಿತ ನಂತರ, ಅವುಗಳ ಅಡಿಯಲ್ಲಿರುವ ನೆಲವನ್ನು ಅಂಚಿನಿಂದ ತುಸು ಒಳಕ್ಕೆ ಸರಿದು ಕೆಲವು ಸೆಂಟಿಮೀಟರ್ ತಗ್ಗಿಸುವುದು. ಮೆಶ್ಶನ್ನೇ ಮೇಲಕ್ಕೆತ್ತಿದರೆ ಅಂಚಿನಲ್ಲಿ ಸಂದು ಕಾಣುತ್ತದೆ ಮತ್ತು ಚೆಂಡು ಅಲ್ಲಿ ಎಡವುತ್ತದೆ.

ಮಿನುಗುವಿಕೆ ಇದಕ್ಕಿಂತ ಸ್ವಲ್ಪ ಬೇರೆಯದು. ಎರಡು ಮೇಲ್ಮೈಗಳು ಒಂದೇ ಎತ್ತರದಲ್ಲಿದ್ದರೆ ಯಾವುದು ಮುಂದಿನದೆಂದು ನಿರ್ಧರಿಸಲಾಗದೆ ಪ್ರತಿ ಚೌಕಟ್ಟಿನಲ್ಲಿಯೂ ಒಂದೊಂದು ಕಾಣಿಸಿಕೊಳ್ಳುತ್ತದೆ. ನೀವು ಫೇರ್‌ವೇಯ ಮೇಲೆ ಗ್ರೀನನ್ನು ಹೊದಿಸಿದ್ದೀರಿ ಎಂದು ನನ್ನ ಊಹೆ. ಹೊದಿಸಬಾರದು, ಕತ್ತರಿಸಿ ಕೂರಿಸಬೇಕು: ಇಂಕ್‌ಸ್ಕೇಪ್‌ನ ಪಾತ್ ಮೆನುವಿನಲ್ಲಿರುವ ಡಿಫರೆನ್ಸ್‌ನಿಂದ ಫೇರ್‌ವೇಯಲ್ಲಿ ಗ್ರೀನ್‌ನ ಆಕಾರದ ಕಿಂಡಿಯನ್ನು ತೆಗೆದು ಅದರೊಳಗೆ ಗ್ರೀನ್ ಬರುವಂತೆ ಮಾಡಿ. ಹೀಗೆ ಮಾಡಿದಾಗ ಎರಡೂ ಆಕಾರಗಳು ಒಂದೇ ಗೆರೆಯನ್ನು ಹಂಚಿಕೊಳ್ಳುತ್ತವೆ. ಆ ಗೆರೆಯ ಮೇಲೆ ಎರಡು ಕಡೆಯೂ ಬಿಂದುಗಳು ಒಂದೇ ಜಾಗದಲ್ಲಿರಬೇಕು. ಒಂದು ಕಡೆ ಮಾತ್ರ ಹೆಚ್ಚುವರಿ ಬಿಂದುವಿದ್ದರೆ ಕೂದಲೆಳೆಯಷ್ಟು ಬಿರುಕು ಮೂಡಿ ಅದರ ಮೂಲಕ ಆಕಾಶದ ಬಣ್ಣ ಇಣುಕುತ್ತದೆ. ಕ್ಯಾಮೆರಾದ ನಿಯರ್ ಕ್ಲಿಪ್ಪಿಂಗನ್ನು 0.01 ಕ್ಕೆ ಇಳಿಸಿದ್ದರೆ ಮತ್ತೆ 0.3 ಕ್ಕೆ ತನ್ನಿ. ಅದು ಸೊನ್ನೆಗೆ ಹತ್ತಿರವಾದಷ್ಟೂ ದೂರದಲ್ಲಿ ಆಳವನ್ನು ಅಳೆಯುವ ನಿಖರತೆ ಕೆಡುತ್ತದೆ.

ಕಾಣದ ಬಂಕರ್‌ಗಳು ಅಲ್ಲೇ ಇವೆ, ಮಗುಚಿಕೊಂಡಿವೆ ಅಷ್ಟೆ. ಮೆಶ್‌ನ ಪ್ರತಿ ಮುಖಕ್ಕೂ ಮುಂಬದಿ, ಹಿಂಬದಿ ಎಂದಿರುತ್ತದೆ, ಯೂನಿಟಿ ಮುಂಬದಿಯನ್ನಷ್ಟೇ ಚಿತ್ರಿಸುತ್ತದೆ. ಬ್ಲೆಂಡರ್‌ನಲ್ಲಿ ಫೇಸ್ ಓರಿಯೆಂಟೇಶನ್ ತೋರಿಸುವಂತೆ ಮಾಡಿದರೆ ಮುಂಬದಿ ನೀಲಿಯಾಗಿಯೂ ಹಿಂಬದಿ ಕೆಂಪಾಗಿಯೂ ಕಾಣುತ್ತದೆ. ಮೇಲಿನಿಂದ ನೋಡಿದಾಗ ಕೆಂಪಾಗಿ ಕಾಣುವವನ್ನು ಆರಿಸಿ ಫ್ಲಿಪ್ ಮಾಡಿ. ಇಂಕ್‌ಸ್ಕೇಪ್‌ನಲ್ಲಿ ಗೆರೆಯನ್ನು ಯಾವ ದಿಕ್ಕಿನಲ್ಲಿ ಸುತ್ತಿದಿರಿ ಎಂಬುದರಿಂದಲೇ ಈ ವ್ಯತ್ಯಾಸ ಬರಬಹುದು.

ನಿಮ್ಮ 18 ಹೋಲ್‌ಗಳ ಗೆರೆಗಳು ವ್ಯರ್ಥವಾಗುತ್ತವೆಯೆ ಎಂಬ ಚಿಂತೆಗೆ ಉತ್ತರ: ಆಗುವುದಿಲ್ಲ. ವೆಬ್ ಮರ್ಕೇಟರ್‌ನಲ್ಲಿ ಬರೆದ ಗೆರೆಗಳನ್ನು ಒಂದೇ ಪ್ರಮಾಣದಲ್ಲಿ ಕುಗ್ಗಿಸಿದರೆ ಇಷ್ಟು ಚಿಕ್ಕ ಪ್ರದೇಶದಲ್ಲಿ ಆಕಾರ ಕೆಡುವುದಿಲ್ಲ. ನೆಲಕ್ಕೆ ಸಲ್ಲದ ಅಡ್ಡದಾರಿ ಗೆರೆಗೆ ಸಲ್ಲುತ್ತದೆ, ಏಕೆಂದರೆ ಗೆರೆಗೆ ಎತ್ತರವಿಲ್ಲ. ಯುಟಿಎಂನ ಉತ್ತರ ದಿಕ್ಕಿಗೂ ಮರ್ಕೇಟರ್‌ನ ಉತ್ತರ ದಿಕ್ಕಿಗೂ ಒಂದೆರಡು ಡಿಗ್ರಿ ವ್ಯತ್ಯಾಸ ಇರಬಹುದಾದ್ದರಿಂದ ಸ್ವಲ್ಪ ತಿರುಗಿಸಬೇಕಾದೀತು. ಯುಟಿಎಂಗೆ ಬದಲಾಯಿಸಿದ ಉಪಗ್ರಹ ಚಿತ್ರವನ್ನು ಕೆಳಗಿಟ್ಟು, ಒಂದಕ್ಕೊಂದು ದೂರವಿರುವ ಎರಡು ಬಂಕರ್‌ಗಳನ್ನು ಆಧಾರವಾಗಿಟ್ಟುಕೊಂಡು ಹೊಂದಿಸಿ. ಇಂಕ್‌ಸ್ಕೇಪ್‌ನ ಎಸ್‌ವಿಜಿ ಕಡತದಲ್ಲಿ ನೆಲದ ಚೌಕದಷ್ಟೇ ದೊಡ್ಡದಾದ ಒಂದು ಚೌಕಟ್ಟನ್ನೂ ಬರೆದಿಡಿ. ಇಂಕ್‌ಸ್ಕೇಪ್ 0.92 ಆವೃತ್ತಿಯಿಂದ ಅಂಗುಲಕ್ಕೆ 96 ಪಿಕ್ಸೆಲ್ ಎಂದು ಲೆಕ್ಕ ಹಾಕುತ್ತದೆ, ಅದಕ್ಕಿಂತ ಹಳೆಯವು 90 ಎಂದು ಹಾಕುತ್ತಿದ್ದವು. ಹಳೆಯ ಮಾದರಿ ಕಡತಗಳನ್ನು ಬಳಸುವವರಿಗೆ ಸುಮಾರು ನೂರಕ್ಕೆ ಏಳರಷ್ಟು ವ್ಯತ್ಯಾಸ ಬರುವುದು ಇದರಿಂದಲೇ. ಆ ಚೌಕಟ್ಟು ಬ್ಲೆಂಡರ್‌ನಲ್ಲಿಯೂ ಯೂನಿಟಿಯಲ್ಲಿಯೂ 2,048 ಮೀಟರ್ ಬಂದರೆ ಉಳಿದ ಗೆರೆಗಳೆಲ್ಲವೂ ತಮ್ಮ ಜಾಗದಲ್ಲಿವೆ ಎಂದು ನಂಬಬಹುದು.

ಯುಟಿಎಂಗೆ ಹೋದ ಮೇಲೆ ಎದುರಾಗುವ ಒಂದು ತೊಂದರೆಯನ್ನು ಈಗಲೇ ಹೇಳಿಬಿಡುತ್ತೇನೆ. ಅಲ್ಲಿ ಉತ್ತರದ ಅಂಕಿಗಳು 40 ಲಕ್ಷ ಮೀಟರುಗಳ ಮೇಲಿರುತ್ತವೆ. ಯೂನಿಟಿ ಸ್ಥಾನಗಳನ್ನು 32 ಬಿಟ್ ದಶಮಾಂಶದಲ್ಲಿ ಇಡುವುದರಿಂದ ಅಷ್ಟು ದೊಡ್ಡ ಅಂಕಿಯಲ್ಲಿ ಅದು ಹೇಳಬಲ್ಲ ಅತಿ ಸಣ್ಣ ದೂರವೇ ಅರ್ಧ ಮೀಟರ್. ಕಪ್‌ನ ವ್ಯಾಸ 108 ಮಿಲಿಮೀಟರ್ ಇರುವ ಆಟದಲ್ಲಿ ಅರ್ಧ ಮೀಟರಿನ ನಿಖರತೆ ಯಾವ ಪ್ರಯೋಜನಕ್ಕೂ ಬಾರದು. ಬ್ಲೆಂಡರ್‌ಗೆ ತರುವ ಮೊದಲೇ ಚೌಕದ ನೈಋತ್ಯ ಮೂಲೆಯ ಅಂಕಿಗಳನ್ನು ಎಲ್ಲದರಿಂದ ಕಳೆದು ಆ ಮೂಲೆಯನ್ನೇ ಸೊನ್ನೆ ಮಾಡಿಕೊಳ್ಳಿ.

ಯೂನಿಟಿಯ ಯಾವ ಆವೃತ್ತಿ ಬಳಸುತ್ತಿದ್ದೀರಿ ಎಂಬುದನ್ನು ನೀವು ಬರೆದಿಲ್ಲ. ಜಿಎಸ್‌ಪ್ರೊ ಎಂಬ ಗಾಲ್ಫ್ ಸಿಮ್ಯುಲೇಟರ್ ತಂತ್ರಾಂಶಕ್ಕಾಗಿ ಕೋರ್ಸ್ ಕಟ್ಟುವ ಒಪಿಸಿಡಿ ಎಂಬ ಪರಿಕರಗಳನ್ನು ಬಳಸುವುದಾದರೆ ಅವು ಯಾವ ಆವೃತ್ತಿಗೆಂದು ತಯಾರಾಗಿವೆಯೋ ಅದನ್ನೇ ಹಾಕಿಕೊಳ್ಳಿ, ಹೊಸದು ಬಂದಿದೆಯೆಂದು ಬದಲಾಯಿಸಬೇಡಿ. ಹುಲ್ಲು, ಮರಗಳೆಲ್ಲ ಒಮ್ಮೆಲೇ ಕಡುಗುಲಾಬಿ ಬಣ್ಣಕ್ಕೆ ತಿರುಗಿದರೆ ಶೇಡರ್ (ಮೇಲ್ಮೈಗೆ ಬಣ್ಣ ಕೊಡುವ ಪ್ರೋಗ್ರಾಂ) ಸಿಗುತ್ತಿಲ್ಲ ಅಥವಾ ರೆಂಡರ್ ಪೈಪ್‌ಲೈನ್ (ಚಿತ್ರ ಮೂಡಿಸುವ ವ್ಯವಸ್ಥೆ) ಹೊಂದುತ್ತಿಲ್ಲ ಎಂದು ತಿಳಿಯಿರಿ.

ಉತ್ತರ: ಹಸಿರಂಚು

ಇಬ್ಬರೂ ಹೇಳಿದ್ದನ್ನು ಒಪ್ಪುತ್ತೇನೆ, ಆದರೆ 16 ಬಿಟ್ ಬಂದೊಡನೆ ಗ್ರೀನ್‌ಗಳು ಸರಿಹೋಗುತ್ತವೆ ಎಂಬ ಭಾವನೆ ಬರಬಾರದೆಂದು ಇದನ್ನು ಬರೆಯುತ್ತಿದ್ದೇನೆ. ಕಡತ ಮಿಲಿಮೀಟರಿನಷ್ಟು ಸೂಕ್ಷ್ಮವಾಗಿ ಬರೆದುಕೊಳ್ಳಬಲ್ಲದು ಎಂದ ಮಾತ್ರಕ್ಕೆ ವಿಮಾನದಿಂದ ಅಳೆದದ್ದು ಅಷ್ಟು ನಿಖರವಾಗಿರುವುದಿಲ್ಲ. ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ಮಾನದಂಡದಲ್ಲಿ ಗುಣಮಟ್ಟ 2 ಎಂದು ಕರೆಯುವ ಲೈಡಾರ್‌ಗೆ ಚದರ ಮೀಟರಿಗೆ ಕನಿಷ್ಠ ಎರಡು ಬಿಂದುಗಳೂ, ಬಯಲು ನೆಲದಲ್ಲಿ 10 ಸೆಂಟಿಮೀಟರಿನೊಳಗಿನ ಲಂಬ ನಿಖರತೆಯೂ ಇರಬೇಕೆಂದಿದೆ. ಭೂಪಟಕ್ಕೆ ಇದು ಧಾರಾಳ. ಪಟ್ ಮಾಡುವುದಕ್ಕೆ ಸಾಲದು. ಪಕ್ಕಪಕ್ಕದ ಎರಡು ಬಿಂದುಗಳ ನಡುವೆ ಒಂದು ಮೀಟರ್ ದೂರವಿದ್ದು, ಅಳತೆಯ ಏರುಪೇರಿನಿಂದ ಒಂದು 3 ಸೆಂಟಿಮೀಟರ್ ಮೇಲೆ ಕುಳಿತರೆ ಅಲ್ಲಿ ನೂರಕ್ಕೆ ಮೂರರ ಸುಳ್ಳು ಇಳಿಜಾರು ಹುಟ್ಟುತ್ತದೆ. ಕಪ್ ಇಡುವ ಜಾಗದಲ್ಲಿ ಸಾಮಾನ್ಯವಾಗಿ ಇರುವ ನಿಜವಾದ ಇಳಿಜಾರೇ ನೂರಕ್ಕೆ ಒಂದರಿಂದ ಮೂರು. ಅಂದರೆ ಸುಳ್ಳೂ ನಿಜವೂ ಒಂದೇ ಗಾತ್ರದವು, ಚೆಂಡಿಗೆ ಎರಡರ ವ್ಯತ್ಯಾಸ ತಿಳಿಯುವುದಿಲ್ಲ.

ಇದೇ ಕಾರಣಕ್ಕೆ ಅರ್ಧ ಮೀಟರಿನ ಗ್ರಿಡ್ ಬೇಕೇಬೇಕೆಂದು ಹಟ ಹಿಡಿಯುವವರ ಮಾತನ್ನು ನಾನು ಒಪ್ಪುವುದಿಲ್ಲ. ಬಿಂದುಗಳೇ ವಿರಳವಾಗಿರುವಾಗ ಗ್ರಿಡ್ ಚಿಕ್ಕದಾದಷ್ಟೂ ಏರುಪೇರು ಹೆಚ್ಚಾಗಿ ಎದ್ದು ಕಾಣುತ್ತದೆ. ಗ್ರೀನ್‌ಗಳ ಮೇಲೆ ಎರಡು ಮೂರು ಮೀಟರ್ ತ್ರಿಜ್ಯದಲ್ಲಿ ನೆಲವನ್ನು ನಯಗೊಳಿಸಿ, ಗ್ರೀನ್‌ನ ಒಟ್ಟು ಓಟ ಯಾವ ಕಡೆಗಿದೆ ಎಂಬುದನ್ನು ಉಳಿಸಿಕೊಂಡು, ಸಣ್ಣ ಉಬ್ಬುತಗ್ಗುಗಳನ್ನು ಹೋಗಲು ಬಿಡಿ. ಎರಡು ಅಂತಸ್ತಿನ ಗ್ರೀನ್ ಇದ್ದರೆ ಅಂತಸ್ತುಗಳ ನಡುವಿನ ಏರನ್ನು ನಯಗೊಳಿಸುವ ಭಾಗದಿಂದ ಹೊರಗಿಡಿ, ಇಲ್ಲವಾದರೆ ಆ ಗ್ರೀನ್‌ನ ಗುಣವೇ ಹೋಗುತ್ತದೆ. ಬಂಕರ್‌ನ ತುಟಿಯೂ ಹಾಗೆಯೇ: ಕಡಿದಾದ ಅಂಚು ಒಂದು ಮೀಟರಿನ ಗ್ರಿಡ್‌ನಲ್ಲಿ ದುಂಡಗಾಗಿ ಬಂದಿರುತ್ತದೆ, ಅದನ್ನು ನೆಲಮಟ್ಟದಲ್ಲಿ ತೆಗೆದ ಛಾಯಾಚಿತ್ರಗಳನ್ನು ನೋಡಿಕೊಂಡು ಕೈಯಿಂದಲೇ ತಿದ್ದಬೇಕು. ಇಲ್ಲಿ ಆಟ ಬಲ್ಲ ನಿಮಗೆ ತಂತ್ರಾಂಶ ಬಲ್ಲವರಿಗಿಂತ ಹೆಚ್ಚಿನ ಅನುಕೂಲವಿದೆ. ಯಾವ ಬಂಕರಿನಿಂದ ಗ್ರೀನ್ ಕಾಣುತ್ತದೆ, ಯಾವುದರಿಂದ ಕಾಣುವುದಿಲ್ಲ ಎಂಬುದನ್ನು ಯಾವ ಲೇಸರೂ ನಿಮಗಿಂತ ಚೆನ್ನಾಗಿ ಹೇಳಲಾರದು.

ಲೇಸರ್ ಅಳತೆ ನಡೆದ ವರ್ಷವನ್ನೂ ಉಪಗ್ರಹ ಚಿತ್ರದ ವರ್ಷವನ್ನೂ ಹೋಲಿಸಿ ನೋಡಿ. ನಡುವೆ ಕೋರ್ಸನ್ನು ನವೀಕರಿಸಿದ್ದರೆ ಹೊಸ ಗ್ರೀನ್‌ನ ಅಂಚು ಹಳೆಯ ಗ್ರೀನ್‌ನ ದಿಬ್ಬದ ಮೇಲೆ ಓರೆಯಾಗಿ ಕೂರುತ್ತದೆ, ಎಷ್ಟು ಹೊಂದಿಸಿದರೂ ಹೊಂದುವುದಿಲ್ಲ.

ಮತ್ತೊಂದು ಸಲಹೆ. 18 ಹೋಲ್‌ಗಳನ್ನೂ ಒಟ್ಟಿಗೆ ತಿದ್ದಲು ಹೋಗಬೇಡಿ. ನಿಮ್ಮ 380 ಗಜದ ಹೋಲ್ ಮೀಟರ್‌ನಲ್ಲಿ 347. ಅದು 512 ಮೀಟರ್ ಬದಿಯ ಚೌಕದಲ್ಲಿ, 513 ಬಿಂದುಗಳ ಹೈಟ್‌ಮ್ಯಾಪ್‌ನಲ್ಲಿ ಆರಾಮವಾಗಿ ಹಿಡಿಯುತ್ತದೆ. ಅದೊಂದನ್ನೇ ಮೊದಲಿನಿಂದ ಕೊನೆಯವರೆಗೆ, ಸಿಮ್ಯುಲೇಟರ್‌ನಲ್ಲಿ ಚೆಂಡು ಕಪ್ಪಿಗೆ ಬೀಳುವವರೆಗೆ, ಪೂರ್ತಿ ಮಾಡಿ. ಎಲ್ಲ ಹಂತಗಳೂ ಒಮ್ಮೆ ಕೈಗೆ ಬಂದರೆ ಉಳಿದ 17 ಕ್ಕೆ ತಗಲುವುದು ದುಡಿಮೆ ಮಾತ್ರ. ಆ ಒಂದು ಹೋಲ್‌ನ ಗ್ರೀನ್ ಮೇಲೆ ನಾಲ್ಕೂ ದಿಕ್ಕಿನಿಂದ ಚೆಂಡನ್ನು ಉರುಳಿಸಿ ನೋಡಿ; ಗ್ರೀನ್‌ನ ವೇಗವನ್ನು ಹೆಚ್ಚಿಸಿದಾಗ ಚೆಂಡು ಎಲ್ಲಿಯೂ ನಿಲ್ಲದೆ ಹೊರಗುರುಳಿದರೆ ಇಳಿಜಾರು ಎಲ್ಲೋ ನಿಜಕ್ಕಿಂತ ಹೆಚ್ಚಾಗಿದೆ ಎಂದರ್ಥ.

ಮರುಪ್ರಶ್ನೆ: ಮೊದಲಹೊಡೆತ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಹಸಿರಂಚು ಅವರು ಹೇಳಿದಂತೆ ಮೊದಲ ಹೋಲನ್ನು ಮಾತ್ರ ತೆಗೆದುಕೊಂಡು ಯುಟಿಎಂಗೆ ಬದಲಾಯಿಸಿ, 16 ಬಿಟ್‌ನಲ್ಲಿ ಹೊರತೆಗೆದೆ. ಮೆಟ್ಟಿಲುಗಳು ಮಾಯವಾಗಿವೆ, ಉದ್ದ 381 ಗಜ ಬಂದಿದೆ, ಕಾಣದಿದ್ದ ಬಂಕರ್‌ಗಳು ಫ್ಲಿಪ್ ಮಾಡಿದೊಡನೆ ಕಾಣಿಸಿದವು. ಗ್ರೀನ್‌ನ ಹಿಂಬದಿಯ ಇಳಿಜಾರು ನಿಜವಾದ ಕೋರ್ಸಿನಲ್ಲಿ ಆಡುವಾಗ ಕಾಲಿಗೆ ತಿಳಿಯುವಂತೆಯೇ ಈಗ ತೆರೆಯ ಮೇಲೂ ತೋರುತ್ತಿದೆ.

ಅದೇ ಧೈರ್ಯದಲ್ಲಿ ಏಳನೆಯ ಹೋಲನ್ನು ಕೈಗೆತ್ತಿಕೊಂಡೆ. ಅಲ್ಲಿ ಗ್ರೀನ್‌ನ ಮುಂದೆ ಒಂದು ಕೊಳವಿದೆ. ಅದೇ ಕ್ರಮದಲ್ಲಿ, ಅದೇ 16 ಬಿಟ್‌ನಲ್ಲಿ ಹೊರತೆಗೆದರೂ ಈ ತುಂಡಿನಲ್ಲಿ ಕೊಳದ ಜಾಗದಲ್ಲಿ ಬುಡ ಕಾಣದ ಬಾವಿಯೊಂದು ತೆರೆದುಕೊಂಡಿದೆ, ಉಳಿದ ನೆಲವೆಲ್ಲ ತಟ್ಟೆಯಾಗಿದೆ. ಎತ್ತರದ ಮನೆಯಲ್ಲಿ ದೊಡ್ಡ ಅಂಕಿಯನ್ನು ಕೊಟ್ಟು ನೋಡಿದಾಗ ಮತ್ತೆ ಮೆಟ್ಟಿಲುಗಳು ಕಾಣಿಸಿಕೊಂಡವು. ಪ್ರಾಪರ್ಟೀಸ್‌ನಲ್ಲಿ ಕನಿಷ್ಠ ಎತ್ತರ ಮೈನಸ್ 9,999 ಎಂದು ತೋರಿಸುತ್ತಿದೆ.

ಉತ್ತರ: ಮಟ್ಟಗೋಲು

ನೀವು ಕೊನೆಯಲ್ಲಿ ಬರೆದ ಅಂಕಿಯಲ್ಲೇ ಉತ್ತರವಿದೆ. ಮೈನಸ್ 9,999 ಎಂಬುದು ಎತ್ತರವಲ್ಲ, ಇಲ್ಲಿ ಅಳತೆ ಸಿಕ್ಕಿಲ್ಲ ಎಂದು ಹೇಳಲು ಇಟ್ಟ ಗುರುತು. ಲೈಡಾರ್‌ನಲ್ಲಿ ಸಾಮಾನ್ಯವಾಗಿ ಬಳಸುವ ಅವಕೆಂಪು ಬೆಳಕನ್ನು ನೀರು ಹೀರಿಕೊಳ್ಳುವುದರಿಂದ ಕೊಳದ ಮೇಲಿಂದ ಬಿಂದುಗಳು ಬಹಳ ಕಡಿಮೆ ಹಿಂದಿರುಗುತ್ತವೆ, ಹಲವೆಡೆ ಹಿಂದಿರುಗುವುದೇ ಇಲ್ಲ. ಟ್ರಾನ್ಸ್‌ಲೇಟ್ ಮಾಡುವಾಗ ಕನಿಷ್ಠ, ಗರಿಷ್ಠಗಳನ್ನು ನೀವೇ ಬರೆಯದೆ ತಂತ್ರಾಂಶಕ್ಕೆ ಬಿಟ್ಟಿದ್ದರೆ, ಅದು ಆ ಗುರುತನ್ನೂ ಎತ್ತರವೆಂದೇ ಎಣಿಸಿ 10,000 ಮೀಟರಿಗಿಂತ ಹೆಚ್ಚಿನ ವ್ಯಾಪ್ತಿಯನ್ನು 65,536 ಮಟ್ಟಗಳಿಗೆ ಹಂಚಿರುತ್ತದೆ. ಆಗ ಒಂದು ಮಟ್ಟ ಸುಮಾರು 16 ಸೆಂಟಿಮೀಟರ್ ಆಗುತ್ತದೆ. 16 ಬಿಟ್ ಇದ್ದೂ 8 ಬಿಟ್‌ನ ಸ್ಥಿತಿಗೆ ಹಿಂದಿರುಗಿದಂತಾಯಿತು.

ರಾಸ್ಟರ್ ಮೆನುವಿನ ಅನಾಲಿಸಿಸ್‌ನಲ್ಲಿ ಫಿಲ್ ನೋಡೇಟಾ ಎಂಬ ಉಪಕರಣವಿದೆ. ಅದು ಖಾಲಿ ಜಾಗವನ್ನು ಸುತ್ತಲಿನ ಎತ್ತರಗಳಿಂದ ತುಂಬುತ್ತದೆ. ಮೊದಲು ಅದನ್ನು ನಡೆಸಿ, ಆಮೇಲೆ ಕನಿಷ್ಠ ಎತ್ತರವನ್ನು ಮತ್ತೊಮ್ಮೆ ನೋಡಿ, ನಂತರ 164 ಮತ್ತು 212 ಎಂದು ನಿಮ್ಮ ಕೈಯಿಂದಲೇ ಬರೆದು ಹೊರತೆಗೆಯಿರಿ. ಎಲ್ಲ ತುಂಡುಗಳಿಗೂ ಇದೇ ಎರಡು ಅಂಕಿಗಳನ್ನು ಬಳಸುವುದು ಮುಖ್ಯ. ಒಂದೊಂದು ಹೋಲ್‌ಗೆ ಅದರದೇ ಕನಿಷ್ಠ, ಗರಿಷ್ಠ ಕೊಟ್ಟರೆ ನಾಳೆ ಅವನ್ನು ಒಂದುಗೂಡಿಸುವಾಗ ಪಕ್ಕಪಕ್ಕದ ತುಂಡುಗಳ ಎತ್ತರ ಹೊಂದುವುದಿಲ್ಲ.

ತುಂಬಿದ ಮೇಲೂ ಕೊಳದ ಮೇಲ್ಮೈ ಅಂಕುಡೊಂಕಾಗಿರುತ್ತದೆ, ಏಕೆಂದರೆ ಒಂದು ದಡ ಎತ್ತರವಿದ್ದು ಇನ್ನೊಂದು ತಗ್ಗಾಗಿದ್ದರೆ ನಡುವಿನದು ಓರೆಯಾಗಿ ತುಂಬಿಕೊಳ್ಳುತ್ತದೆ. ಅಮೆರಿಕದ ಸಿದ್ಧ ಡಿಇಎಂಗಳಲ್ಲಿ (ನೆಲದ ಎತ್ತರದ ರಾಸ್ಟರ್‌ಗಳಲ್ಲಿ) ಎರಡು ಎಕರೆ ಮತ್ತು ಅದಕ್ಕಿಂತ ದೊಡ್ಡ ಕೊಳಗಳನ್ನು ಮೊದಲೇ ಸಪಾಟು ಮಾಡಿರುತ್ತಾರೆ. ಗಾಲ್ಫ್ ಕೋರ್ಸಿನ ಕೊಳಗಳು ಹಲವು ಸಲ ಅದಕ್ಕಿಂತ ಚಿಕ್ಕವಾದ್ದರಿಂದ ನೀವೇ ಮಾಡಬೇಕಾಗುತ್ತದೆ. ದಡದ ಸುತ್ತ ನೀರು ಮುಟ್ಟುವ ಗೆರೆಯ ಮೇಲಿನ ಅತಿ ತಗ್ಗಿನ ಎತ್ತರವನ್ನು ನೀರಿನ ಮಟ್ಟವಾಗಿ ಇಟ್ಟುಕೊಳ್ಳಿ. ಕೊಳದ ತಳವನ್ನು ಅದಕ್ಕಿಂತ ಸುಮಾರು ಒಂದು ಮೀಟರ್ ಕೆಳಕ್ಕೆ, ಅಂಚಿನಿಂದ ನಿಧಾನವಾಗಿ ಇಳಿಯುವಂತೆ ತಗ್ಗಿಸಿ. ತಳವು 164 ಕ್ಕಿಂತ ಕೆಳಗಿಳಿಯುವಂತಿದ್ದರೆ ಕನಿಷ್ಠವನ್ನು 162 ಎಂದು ಮಾಡಿ, ಯೂನಿಟಿಯಲ್ಲಿ ಎತ್ತರವನ್ನು 50 ಕ್ಕೆ ಬದಲಾಯಿಸಿ. ಆಗ ಮೊದಲ ಹೋಲನ್ನೂ ಅದೇ ಅಂಕಿಗಳಿಂದ ಇನ್ನೊಮ್ಮೆ ಹೊರತೆಗೆಯಬೇಕಾಗುತ್ತದೆ. ನೀರಿನ ಮೇಲ್ಮೈಯನ್ನು ದಡದ ಗೆರೆಗೆ ಸರಿಯಾಗಿ ಕತ್ತರಿಸಬೇಡಿ. ಅದು ಒಂದೆರಡು ಮೀಟರ್ ನೆಲದೊಳಕ್ಕೆ ಚಾಚಿಕೊಂಡಿರಲಿ, ನೆಲವೇ ಅದನ್ನು ಮರೆಮಾಡುತ್ತದೆ, ದಡದ ಅಂಚು ಸಹಜವಾಗಿ ಕಾಣುತ್ತದೆ.